ಸೆನ್ಸಾರ್ ಮಾವ

ಚಿಕ್ಕಜಾಲದ ಕೋಟೆಗೆ ಕಾವಲಿಲ್ಲ. ಬಳ್ಳಾರಿ ರಸ್ತೆಯ ಪಕ್ಕದಲ್ಲೇ ಪಾಳುಬಿದ್ದು ನಿಂತ ಆ ಕಲ್ಲುಗೋಡೆಗಳ ಕಡೆ, ವಿಮಾನ ತಪ್ಪೀತೆಂದು ಕಾರಿನಲ್ಲಿ ಓಡುವವರು ಕತ್ತು ತಿರುಗಿಸಿಯೂ ನೋಡುವುದಿಲ್ಲ. ಊರಿನಲ್ಲಿ ಉಳಿದ ಎಲ್ಲದಕ್ಕೂ ಕಾವಲಿದೆ. ಆ ಕಾವಲಿನ ಹೆಸರು ಸೆನ್ಸಾರ್ ಮಾವ.

ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ, ಬೇರೆಲ್ಲೂ ಚಾಲ್ತಿಯಲ್ಲಿಲ್ಲ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಯಾವುದೇ ಮಗು ತಲೆ ಬಗ್ಗಿಸಿ ಕೂತಿದ್ದರೆ ಅದರ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುವವರು. “ಏನ್ ನೋಡ್ತಾ ಇದ್ದೀಯ?” ಎಂದು ಕೇಳಿ, ಉತ್ತರಕ್ಕೆ ಕಾಯದೆ “ಕಾಲ ಕೆಟ್ಟೋಯ್ತು ಸ್ವಾಮಿ” ಎಂದು ನಮ್ಮ ಕಡೆ ತಿರುಗುವವರು. ಮದುವೆ ಊಟದಲ್ಲಿ ಎಲೆಯ ಮುಂದೆ ಫೋನ್ ಒರಗಿಸಿ ಮಗುವಿಗೆ ತುತ್ತಿಡುವ ತಾಯಿ ಕಂಡರೆ ಸಾಕು, ಅವರ ಉಪದೇಶ ಶುರು. ಸಾರಿನವನು ಬಂದು ಹೋಗಿ, ಪಾಯಸದವನು ಬಂದು ಹೋಗಿ, ಮಜ್ಜಿಗೆ ಬಂದರೂ ಅದು ಮುಗಿಯುವುದಿಲ್ಲ. ಅಷ್ಟರಲ್ಲಿ ಮಗು ಊಟ ಮುಗಿಸಿರುತ್ತದೆ. ಅವರ ಎಲೆಯಲ್ಲಿ ಅನ್ನ ಆರಿರುತ್ತದೆ.

ಮಾವ ನೌಕರಿ ಮಾಡಿದ್ದು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ. ತಯಾರಾದ ಗಾಲಿಯಲ್ಲಿ ಬಿರುಕು ಹುಡುಕುವ ವಿಭಾಗ. ಬಿರುಕಿದ್ದದ್ದು ಪಕ್ಕಕ್ಕೆ, ಇಲ್ಲದ್ದು ಹಳಿಗೆ. ಮೂವತ್ತು ವರ್ಷಕ್ಕೂ ಮೇಲೆ ಇದನ್ನೇ ಮಾಡಿದವರಿಗೆ ನಿವೃತ್ತಿಯಾದ ಮೇಲೆ ಗಾಲಿ ಸಿಗಲಿಲ್ಲ, ಮೊಮ್ಮಗಳು ಸಿಕ್ಕಳು. ಅಂದಿನಿಂದ ಅವಳನ್ನು ದಿನಕ್ಕೆ ನಾಲ್ಕು ಸಲ ತಟ್ಟಿ ನೋಡುತ್ತಿದ್ದಾರೆ.

ಮನೆಯ ಪರಿಸ್ಥಿತಿಯೂ ಅವರಿಗೆ ಅಧಿಕಾರ ಕೊಟ್ಟಿತು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಹಗಲು ರಾತ್ರಿಗಳು ಕಲಸಿಹೋದವು. ಮಗ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾನೆ. ರಾತ್ರಿ ಹೋದವನು ಬೆಳಗ್ಗೆ ಬಂದು ಮಲಗುತ್ತಾನೆ. ಸೊಸೆಗೆ ಟರ್ಮಿನಲ್ಲಿನ ಅಂಗಡಿಯಲ್ಲಿ ಶಿಫ್ಟ್ ಕೆಲಸ. ಅವಳು ಬರುವ ಹೊತ್ತಿಗೆ ಗಂಡ ಹೊರಟಿರುತ್ತಾನೆ. ಹೀಗಾಗಿ ಏಳನೇ ಕ್ಲಾಸಿನ ಹುಡುಗಿ, ಒಂದು ಆಂಡ್ರಾಯ್ಡ್ ಫೋನ್, ತಾತ, ಕೀಪ್ಯಾಡ್ ಫೋನಿನ ಅಜ್ಜಿ, ಇಷ್ಟು ಮಂದಿ ಸಂಜೆಯ ಮನೆಯಲ್ಲಿ ಉಳಿಯುತ್ತಾರೆ.

ಮಾವ ಬೀಗದ ವಿದ್ಯೆ ಕಲಿತದ್ದು ಈಗಲ್ಲ. ಟಿವಿಗಳಿಗೆ ಮರದ ಶಟರ್ ಇರುತ್ತಿದ್ದ ಕಾಲವನ್ನು ನೆನೆಸಿಕೊಳ್ಳಿ. ಎರಡೂ ಕಡೆಯಿಂದ ಎಳೆದು ಮುಚ್ಚಿ ನಡುವೆ ಕೀಲಿ ತಿರುಗಿಸುವಂಥದ್ದು. ಇಂದು ಕಂಪನಿಗಳು ಪೇರೆಂಟಲ್ ಲಾಕ್ ಎಂದು ಜಂಬ ಕೊಚ್ಚುವ ಸಾಮಗ್ರಿ ನಮ್ಮ ನಡುಮನೆಗೆ ಆಗಲೇ ಬಂದಿತ್ತು. ಮಾವ ಆ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಕಾರ್ಖಾನೆಗೆ ಹೋಗುತ್ತಿದ್ದರು. 1997ರಲ್ಲಿ ‘ಶಕ್ತಿಮಾನ್’ ಶುರುವಾದಾಗ, ಅದನ್ನು ನೋಡಿ ಮಕ್ಕಳು ಮಹಡಿಯಿಂದ ಹಾರುತ್ತಾರೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತು. ಮಾವ ಕೀಲಿಯನ್ನು ಸ್ನಾನಕ್ಕೆ ಹೋಗುವಾಗಲೂ ಬಿಚ್ಚಲಿಲ್ಲ. ಮಗ ಅಮ್ಮನ ಹೇರ್‌ಪಿನ್ನಿನಿಂದ ಶಟರ್ ತೆಗೆದು ನೋಡಿ, ಮತ್ತೆ ಮುಚ್ಚಿ, ಪಿನ್ನನ್ನು ಇದ್ದ ಜಾಗಕ್ಕೇ ಇಡುತ್ತಿದ್ದ. ಅಜ್ಜಿಗೆ ಇದು ಗೊತ್ತಿತ್ತು. ಪಿನ್ ಸೊಟ್ಟಗಾದಾಗ ಬೇರೆಯದು ತಂದಿಡುತ್ತಿದ್ದರು.

ವಿಚಿತ್ರವೆಂದರೆ ಮಾವನೂ ಒಂದು ಕಾಲಕ್ಕೆ ಕಳ್ಳರೇ. ಅವರ ಹುಡುಗತನದಲ್ಲಿ ಮಕ್ಕಳು ಹಾಳಾಗುತ್ತಿದ್ದದ್ದು ಪತ್ತೇದಾರಿ ಕಾದಂಬರಿಯಿಂದ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಲ್ಲಿ ಏನು ಪತ್ತೆ ಮಾಡಿದ ಎಂಬುದನ್ನೆಲ್ಲ ಅವರು ಅರಿತದ್ದು ಸಮಾಜ ಪಾಠದ ಪುಸ್ತಕದೊಳಗೆ. ಟೀ ಅಂಗಡಿಯಲ್ಲಿ ಹಳೇ ಸ್ನೇಹಿತರು ಇದನ್ನು ಎತ್ತಿದರೆ, “ಅದು ಓದು ಕಣಯ್ಯ, ಇದು ನೋಡೋದು” ಎಂದು ಗದರುತ್ತಾರೆ. ಅವರ ಅಪ್ಪ ಅವರಿಗೆ ಬಾರಿಸುವಾಗ ಈ ವ್ಯತ್ಯಾಸವನ್ನು ಗಮನಿಸಿದ್ದಂತೆ ಕಾಣೆ.

ಮಾವನ ಪಾಲಿಗೆ ಸುವರ್ಣಯುಗ ಬಂದದ್ದು 2020ರ ಜೂನಿನಲ್ಲಿ. ಕೊರೊನಾ ಕಾಲ. ಸಣ್ಣ ತರಗತಿಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದು ಸರ್ಕಾರವೇ ಆದೇಶ ಹೊರಡಿಸಿತು. “ನಾನು ಬಾಯಿ ಬಡ್ಕೊಂಡಿದ್ದು ವಿಧಾನಸೌಧಕ್ಕೆ ಕೇಳುಸ್ತು” ಎಂದು ಮಾವ ಬೀದಿಯಲ್ಲಿ ಎರಡು ಸುತ್ತು ಹಾಕಿದರು. ಜುಲೈ 8ಕ್ಕೆ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಯಾವ ಫೋನನ್ನು ಮುಟ್ಟಬೇಡ ಎಂದು ಮಗುವಿಗೆ ಹೇಳುತ್ತಿದ್ದರೋ ಅದನ್ನೇ ಬೆಳಗ್ಗೆ ಒಂಬತ್ತಕ್ಕೆ ಚಾರ್ಜ್ ಮಾಡಿ ಕೈಗಿಟ್ಟು, “ಹಿಡ್ಕೋ, ಕದಲಬೇಡ” ಎನ್ನುವ ಗತಿ ಬಂತು. ಒಳಗೆ ಬಂದ ಫೋನ್ ಮತ್ತೆ ಹೊರಗೆ ಹೋಗಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಟೀ ಅಂಗಡಿಯಲ್ಲಿ ಎಲ್ಲರಿಗೂ ಅವರೇ ಮೈಸೂರುಪಾಕು ಹಂಚಿದರು. ಹುಡುಗರು ಬಾಯಿ ಸಿಹಿ ಮಾಡಿಕೊಂಡು ಫ್ರೀ ಫೈರ್‌ಗೆ ಹೋದರು. 2021ರ ಜುಲೈನಲ್ಲಿ ಪಬ್‌ಜಿ ಬೇರೆ ಹೆಸರಿಟ್ಟುಕೊಂಡು ವಾಪಸು ಬಂತು. 2022ರಲ್ಲಿ ಫ್ರೀ ಫೈರ್ ನಿಷೇಧವಾಯಿತು, ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಆಮೇಲೆ ಮಾವ ಸಿಹಿ ಹಂಚುವುದನ್ನು ನಿಲ್ಲಿಸಿದರು. ಮಕ್ಕಳು ಮಾತ್ರ ಪ್ರತಿ ನಿಷೇಧಕ್ಕೂ ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದರು.

2023ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ, ಸೋಷಿಯಲ್ ಮೀಡಿಯಾ ಬಳಸಲು ಇಪ್ಪತ್ತೊಂದು ವರ್ಷವಾಗಿರಬೇಕು ಎಂದರೆ ಒಳ್ಳೆಯದು ಎಂಬ ಮಾತಾಡಿದರು. ಅದು ತೀರ್ಪಲ್ಲ, ಮಾತಿನ ಮಧ್ಯೆ ಬಂದ ಮಾತು. ಮಾವನಿಗೆ ಅಷ್ಟೇ ಸಾಕಾಯಿತು. ಪೇಪರ್ ಕಟಿಂಗ್ ಲ್ಯಾಮಿನೇಟ್ ಆಗಿ ದೇವರ ಕ್ಯಾಲೆಂಡರಿನ ಪಕ್ಕ ತೂಗಿತು. ಮಾವನ ಫೋನಿಗೆ ವಾಟ್ಸಾಪ್ ಹಾಕಿಕೊಟ್ಟು, ಫಾಂಟ್ ದೊಡ್ಡದು ಮಾಡಿಕೊಟ್ಟು, ವಾರಕ್ಕೊಮ್ಮೆ ಅದರ ಕಸ ಗುಡಿಸಿಕೊಡುವ ಮೊಬೈಲ್ ಅಂಗಡಿಯ ಹುಡುಗನಿಗೆ ಆಗ ಹತ್ತೊಂಬತ್ತು.

2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ ಹದಿನಾರು ತುಂಬದ ಮಕ್ಕಳಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ ಎಂಬ ಕಾನೂನು ಜಾರಿಯಾಯಿತಲ್ಲ, ಅಂದಿನಿಂದ ಆ ದೇಶದ ಮೇಲೆ ಅವರಿಗೆ ಕ್ರಿಕೆಟ್ಟಿನಲ್ಲೂ ಸಿಟ್ಟಿಲ್ಲ. “ದೇಶ ಅಂದ್ರೆ ಅದು!” ಎಂದರು. ಟೀ ಅಂಗಡಿಯವನು ಲೋಟ ತೊಳೆಯುತ್ತಲೇ, “ಸಿಡ್ನಿಗೆ ಹೋಗೋ ವಿಮಾನ ನಮ್ಮೂರ ಪಕ್ಕದಿಂದ್ಲೇ ಏರೋದು ಮಾವ, ಒಂದ್ಸಲ ಹೋಗ್ಬನ್ನಿ” ಎಂದ. ಆ ಹೊತ್ತಿಗೆ ಮೇಲೊಂದು ವಿಮಾನ ಗುಡುಗಿ ಹೋದದ್ದರಿಂದ ಮಾವ ಕೊಟ್ಟ ಉತ್ತರ ಯಾರಿಗೂ ಕೇಳಿಸಲಿಲ್ಲ.

ಇಷ್ಟೆಲ್ಲ ಕಾಯುವ ಮಾವ ಬೆಳಗ್ಗೆ ಆರಕ್ಕೆ ಎದ್ದು ಮಾಡುವ ಮೊದಲ ಕೆಲಸ, ಕುಟುಂಬದ ಗ್ರೂಪಿಗೆ ಹೆದ್ದಾರಿಯಲ್ಲಾದ ಅಪಘಾತದ ವಿಡಿಯೊ ಕಳಿಸುವುದು. ಮೇಲೆ ಬರಹ: ‘ಹೃದಯ ಗಟ್ಟಿ ಇದ್ದವರು ಮಾತ್ರ ನೋಡಿ. ಮಕ್ಕಳಿಗೆ ತೋರಿಸಬೇಡಿ.’ ಆ ಗ್ರೂಪಿನಲ್ಲಿರುವ ಮನೆಯ ನಂಬರ್ ಯಾವುದು? ಮೊಮ್ಮಗಳ ಹೋಂವರ್ಕ್ ಬರುವ ನಂಬರೇ. ಹಲ್ಲುಜ್ಜುವ ಮೊದಲೇ ಅವಳು ಸೊಂಟ ಮುರಿದ ಲಾರಿ, ಚೆಲ್ಲಾಡಿದ ಚಪ್ಪಲಿ ಎಲ್ಲ ನೋಡಿ, ಕೆಳಗೆ ಕೈಮುಗಿಯುವ ಚಿಹ್ನೆಯನ್ನೂ ಹಾಕಿರುತ್ತಾಳೆ. ರಾತ್ರಿ ಟಿವಿಯಲ್ಲಿ ಕೊಲೆಯ ಮರುಸೃಷ್ಟಿ ಬರುವಾಗ, “ಮಕ್ಳು ಒಳಗೆ ನಡೀರಿ” ಎಂದು ಅಟ್ಟುತ್ತಾರೆ. ಕಿವಿ ಮಂದವಾಗಿರುವುದರಿಂದ ವಾಲ್ಯೂಮ್ ಎಷ್ಟಿರುತ್ತದೆಂದರೆ, ಯಾರು ಯಾರನ್ನು ಯಾವ ಕತ್ತಿಯಲ್ಲಿ ಎಂಬುದು ಪಕ್ಕದ ಮನೆಯ ಮಕ್ಕಳಿಗೂ ಬಾಯಿಪಾಠ.

ಓಟಿಟಿ ಬಂದ ಮೇಲೆ ಇನ್ನೊಂದು ಅವಾಂತರ. 2021ರ ನಿಯಮದ ಪ್ರಕಾರ ಆ ಕಂಪನಿಗಳು ಪ್ರತಿ ಸರಣಿಗೂ 7+, 13+, 16+ ಎಂದು ವಯಸ್ಸಿನ ಗುರುತು ಹಾಕಬೇಕು. ಜೀವಮಾನವಿಡೀ ಗ್ರೇಡು ನೋಡಿ ಮಾಲು ಪಾಸು ಮಾಡಿದ ಮಾವ ಅದನ್ನು ಗುಣಮಟ್ಟದ ಅಂಕ ಎಂದುಕೊಂಡರು. “ಏಳು ಬಂದಿರೋದು ಬೇಡಮ್ಮ, ಹದಿನಾರು ಬಂದಿರೋದು ಹಾಕು” ಎಂದು ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡ ಸಂಜೆಯೊಂದಿದೆ. ಐದನೇ ನಿಮಿಷಕ್ಕೆ ಕರೆಂಟು ಹೋಗಿ ಮನೆಯ ಮಾನ ಉಳಿಯಿತು. ಮೇನ್ ಸ್ವಿಚ್ ಆರಿಸಿದ್ದು ಅಜ್ಜಿ ಎಂದು ಆಮೇಲೆ ತಿಳಿಯಿತು.

ಕೊನೆಗೆ ಟೀ ಅಂಗಡಿಯ ಹುಡುಗರು ಹೇಳಿದರೆಂದು ಮಾವ ಫ್ಯಾಮಿಲಿ ಲಿಂಕ್‌ಗೆ ಕೈ ಹಾಕಿದರು. ದೊಡ್ಡವರ ಫೋನಿನಿಂದ ಮಗುವಿನ ಫೋನನ್ನು ಹಿಡಿತದಲ್ಲಿಡುವ ಗೂಗಲ್‌ನ ವ್ಯವಸ್ಥೆ. ಎಷ್ಟು ಹೊತ್ತು ನೋಡಬಹುದು, ಯಾವ ಆ್ಯಪ್ ಹಾಕಬಹುದು, ರಾತ್ರಿ ಎಷ್ಟಕ್ಕೆ ಮುಚ್ಚಬೇಕು, ಎಲ್ಲ ದೊಡ್ಡವರ ಕೈಯಲ್ಲಿ. ಎರಡು ಮಧ್ಯಾಹ್ನ ಕನ್ನಡಕ ಒರೆಸಿ ಒರೆಸಿ ನೋಡಿದರೂ ಅದು ಬಗ್ಗಲಿಲ್ಲ. ಆಗ ಅವರು, ಈ ದೇಶದ ಎಷ್ಟೋ ತಾತಂದಿರು ಮಾಡಿದ್ದನ್ನೇ ಮಾಡಿದರು. ಎರಡೂ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, “ಇದನ್ನ ಸ್ವಲ್ಪ ಸೆಟ್ ಮಾಡ್ಕೊಡು ಪುಟ್ಟಿ” ಎಂದರು.

ಪುಟ್ಟಿ ಸೆಟ್ ಮಾಡಿದಳು. ಅವಳ ಖಾತೆಯಲ್ಲಿ ಹುಟ್ಟಿದ ವರ್ಷ ಮೊದಲಿನಿಂದಲೂ 1957 ಎಂದೇ ಇತ್ತು. ಹದಿಮೂರು ತುಂಬದೆ ಇನ್‌ಸ್ಟಾಗ್ರಾಂ ಒಳಗೆ ಬಿಡುವುದಿಲ್ಲವಾದ್ದರಿಂದ ಮನೆಯಲ್ಲಿ ಸುಲಭವಾಗಿ ಸಿಗುವ ಹುಟ್ಟಿದ ದಿನವನ್ನೇ ಹಾಕಿದ್ದಳು. ಪರಿಣಾಮವಾಗಿ ಹನ್ನೆರಡು ವರ್ಷದ ಹುಡುಗಿಗೆ ಮಂಡಿನೋವಿನ ಎಣ್ಣೆಯ ಜಾಹೀರಾತುಗಳು ಬರುತ್ತಿದ್ದವು. ತಾತನಿಗೆ ಹೊಸ ಖಾತೆ ತೆರೆದು ಅದಕ್ಕೆ ತನ್ನ ಹುಟ್ಟಿದ ದಿನ ಕೊಟ್ಟಳು. ಗೂಗಲ್ ಎರಡನ್ನೂ ನೋಡಿ, 1957ರವಳು ಪೋಷಕಿ, 2013ರವರು ಮಗು ಎಂದು ತೀರ್ಮಾನಿಸಿತು. ಹದಿನೆಂಟು ತುಂಬದವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಕೊಟ್ಟವರು ಯಾರೆಂದು ಖಾತ್ರಿಯಾಗಬೇಕು ಎಂದು ಸಂಸತ್ತು 2023ರಲ್ಲಿ ಕಾನೂನು ಮಾಡಿದೆ. ಚಿಕ್ಕಜಾಲದ ಈ ಮನೆಯಲ್ಲಿ ಒಪ್ಪಿಗೆಯೇನೋ ಸಿಕ್ಕಿತು.

ಅಂದಿನಿಂದ ಮಾವನ ಫೋನ್ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಮಲಗತೊಡಗಿತು. ಜ್ಯೋತಿಷ್ಯದ ಆ್ಯಪ್ ಹಾಕಲು ಹೋದರೆ ‘ಪೋಷಕರ ಅನುಮತಿ ಕೇಳಿ’ ಎಂದು ಬರತೊಡಗಿತು. ಗಾಳಿ ಬೆಳಕಿನ ದೋಷವೇ, ಸಿಮ್ಮಿನ ದೋಷವೇ ತಿಳಿಯದೆ ಮಾವ ಅಂಗಡಿಯ ಹುಡುಗನಿಗೆ ತೋರಿಸಿದರು. ಅವನು ನೋಡಿ, ಕೆಮ್ಮಿ, “ಸರ್ವರ್ ಪ್ರಾಬ್ಲಮ್ ಮಾವ, ಮನೇಲೇ ಸರಿ ಹೋಗುತ್ತೆ” ಎಂದ.

ಈ ನಡುವೆ ಒಂದು ಸಂಜೆ, ಆಟದ ಚಾಟಿನಲ್ಲಿ ಯಾರೋ ಅಪರಿಚಿತ ಪುಟ್ಟಿಯನ್ನು ಮಾತಿಗೆಳೆದ. ಮೊದಲು ಆಟ ಚೆನ್ನಾಗಿ ಆಡುತ್ತೀಯ ಎಂದ. ಆಮೇಲೆ ಯಾವ ಸ್ಕೂಲು ಎಂದ. ಮೂರನೇ ದಿನ ಫೋಟೊ ಕಳಿಸು, ಮನೆಯಲ್ಲಿ ಯಾರಿಗೂ ಹೇಳಬೇಡ ಎಂದ. ಪುಟ್ಟಿ ಇದನ್ನು ಹೇಳಿದ್ದು ಅಜ್ಜಿಗೆ, ಅವರೆಕಾಯಿ ಸುಲಿಯುತ್ತ ಕೂತಿದ್ದಾಗ.

“ನೀನೇನಂದೆ?” ಅಜ್ಜಿ ಕೈ ನಿಲ್ಲಿಸಲಿಲ್ಲ.

“ಏನೂ ಅನ್ಲಿಲ್ಲ. ಸ್ಕ್ರೀನ್‌ಶಾಟ್ ತೆಕ್ಕೊಂಡೆ, ಬ್ಲಾಕ್ ಮಾಡ್ದೆ. ತೆರೆದ ಮನೆ ಅಂತ ಸ್ಕೂಲಿಂದ ಪೊಲೀಸ್ ಸ್ಟೇಷನ್‌ಗೆ ಕರ್ಕೊಂಡೋಗಿದ್ರಲ್ಲ, ಅಲ್ಲಿ ಹೇಳ್ಕೊಟ್ಟಿದ್ರು.”

“ತಾತಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಫೋನ್ ಕಿತ್ಕೋತಿದ್ರು. ಕೆಟ್ಟವ್ನು ಅವ್ನು, ಫೋನ್ ಹೋಗೋದು ನಂದು.”

ಮಾವ ಜಗುಲಿಯ ಮೇಲಿದ್ದರು. ಮಂದವಾದ ಕಿವಿಗೂ ಕೆಲವು ಮಾತು ಸರಿಯಾಗಿ ತಾಗುತ್ತವೆ. ಒಳಗೆ ನುಗ್ಗಲು ಎದ್ದವರು, ಅದೇಕೋ ಮತ್ತೆ ಕೂತರು. ಆದರೆ ಅವರು ಸೆನ್ಸಾರ್ ಮಾವ, ಸುಮ್ಮನೆ ಕೂರುವುದು ಜಾತಕದಲ್ಲೇ ಇಲ್ಲ. ರಾತ್ರಿ ಊಟವಾದ ಮೇಲೆ ಒಂದೊಂದೇ ಅಕ್ಷರ ಒತ್ತುತ್ತ ಟೈಪ್ ಮಾಡಲು ಶುರು ಮಾಡಿದರು: ‘ಎಚ್ಚರಿಕೆ!! ಎಚ್ಚರಿಕೆ!! ನಮ್ಮ ಮೊಮ್ಮಗಳು ಕುಮಾರಿ…’ ಎಂದು ಹೆಸರು, ಕ್ಲಾಸು, ಸ್ಕೂಲು, ಮನೆ ಇರುವ ಅಡ್ಡರಸ್ತೆ, ಕೆಳಗೆ ಯುಗಾದಿಗೆ ತೆಗೆದ ಅವಳ ಫೋಟೊ. ಆ ಅಪರಿಚಿತ ಮೂರು ದಿನ ಕಷ್ಟಪಟ್ಟರೂ ಸಿಗದ ವಿವರಗಳನ್ನೆಲ್ಲ ಐದು ಗ್ರೂಪುಗಳಿಗೆ ಒಟ್ಟಿಗೆ ಉಚಿತವಾಗಿ ಕಳಿಸುವ ಏರ್ಪಾಡು. ಇಂಥ ಪ್ರಕರಣಗಳಲ್ಲಿ ಮಗುವಿನ ಗುರುತು ಮಾಧ್ಯಮಗಳಲ್ಲಿ ಬರಕೂಡದು ಎಂದು 2012ರ ಪೋಕ್ಸೊ ಕಾಯ್ದೆ ಕಟ್ಟಪ್ಪಣೆ ಮಾಡಿದೆ. ಕಾಯ್ದೆ ಬರೆದವರು ಪತ್ರಿಕೆ, ಟಿವಿಗಳನ್ನು ನೆನೆದಿರಬೇಕು, ತಾತಂದಿರನ್ನಲ್ಲ.

ಕಳಿಸುವ ಬಾಣದ ಗುರುತಿನ ಮೇಲೆ ಬೆರಳು ಇಳಿಯಬೇಕು, ಗಂಟೆ ಒಂಬತ್ತಾಯಿತು. ಪರದೆ ಕಪ್ಪಾಯಿತು. ‘ಪೋಷಕರ ಅನುಮತಿ ಕೇಳಿ.’

ಮಾವ ಫೋನನ್ನು ತೊಡೆಗೆ ಬಡಿದರು, ಬಿಸಿಲಿಗೆ ಹಿಡಿಯೋಣವೆಂದರೆ ರಾತ್ರಿ. ಬೇರೆ ದಾರಿ ಕಾಣದೆ ಒಳಗೆ ಹೋಗಿ ಬಾಗಿಲಲ್ಲಿ ನಿಂತು, “ಪುಟ್ಟಿ, ಇದು ಯಾರನ್ನೋ ಕೇಳು ಅಂತೈತೆ” ಎಂದರು. ಅವಳು ತನ್ನ ಫೋನಿನಲ್ಲಿ ಏನೋ ಒತ್ತಿದಳು. ಇದು ಬೆಳಗಿತು. ಮಾವ ಒಮ್ಮೆ ಇದನ್ನು ನೋಡಿದರು, ಒಮ್ಮೆ ಅದನ್ನು ನೋಡಿದರು. ಬಿರುಕು ಹುಡುಕುವ ಹಳೇ ಕಣ್ಣಿಗೆ ಆರು ತಿಂಗಳಿಂದ ಕಾಣದ್ದು ಆಗ ಕಂಡಿತು. ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಪುಟ್ಟಿ ಕೈಚಾಚಿ, “ಮೊದ್ಲು ಏನ್ ಬರ್ದಿದ್ದೀಯ ತೋರ್ಸು” ಎಂದಳು.

ತೋರಿಸಿದರು. ಅವಳು ಹೆಸರು ತೆಗೆದಳು. ಕ್ಲಾಸು ತೆಗೆದಳು. ಸ್ಕೂಲು, ಅಡ್ಡರಸ್ತೆ, ಫೋಟೊ, ನಾಲ್ಕು ಆಶ್ಚರ್ಯಸೂಚಕ ಚಿಹ್ನೆ, ಎಲ್ಲ ತೆಗೆದಳು. ಮಾವ ಪಕ್ಕದಲ್ಲೇ ಕೂತು, ತೆಗೆದದ್ದಕ್ಕೆಲ್ಲ ಯಾಕೆ ಎಂದು ಕೇಳಿದರು. ಅವಳು ಹೇಳಿದಳು. ಹಾಗೆ ಕೇಳುತ್ತ, ಹೇಳುತ್ತ, ಆ ಅಪರಿಚಿತ ಏನೇನೆಂದಿದ್ದ ಎಂಬುದೂ ಪೂರ್ತಿ ಹೊರಬಂತು. ಕೀಲಿ ಕೇಳದ ಇಂಥ ಮಾತುಕತೆ ಅವರಿಬ್ಬರ ನಡುವೆ ಅದೇ ಮೊದಲು ಎಂದು ಅಜ್ಜಿ ನನ್ನ ಹೆಂಡತಿಗೆ ಹೇಳಿದ್ದಾರೆ.

ಮರುದಿನ ಬೆಳಗ್ಗೆ ಆರಕ್ಕೆ ಗ್ರೂಪಿಗೆ ಬಂದದ್ದು ಅಪಘಾತದ ವಿಡಿಯೊ ಅಲ್ಲ, ಮೂರೇ ಸಾಲು: ‘ಆಟದಲ್ಲಿ ಅಪರಿಚಿತರು ಫೋಟೊ ಕೇಳಿದರೆ ಕೊಡಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ. ಮಕ್ಕಳ ಸಹಾಯವಾಣಿ 1098, ಸೈಬರ್ ಸಹಾಯವಾಣಿ 1930. ಮಕ್ಕಳು ಬಂದು ಹೇಳಿದರೆ ಫೋನ್ ಕಿತ್ತುಕೊಳ್ಳಬೇಡಿ.’

ಮೂರನೇ ಸಾಲು ಮಾವನದಾಗಿರಲಾರದು ಎಂದು ಟೀ ಅಂಗಡಿಯಲ್ಲಿ ನಾವು ವಾದಿಸಿದೆವು. “ಡ್ರಾಫ್ಟ್ ನಂದೇ” ಎಂದರು ಮಾವ, ಟೀ ಹೀರುತ್ತ. ಆಮೇಲೆ ಆ ಕಡೆ ಈ ಕಡೆ ನೋಡಿ, ಬಡ್ತಿ ಸಿಕ್ಕವರ ಗತ್ತಿನಲ್ಲಿ ದನಿ ತಗ್ಗಿಸಿದರು: “ಇವತ್ತಿಂದ ಒಂಬತ್ತೂವರೆವರ್ಗೂ ಬಿಟ್ಟವ್ಳೆ.”