ಅಂಗಳ ಡೊಂಕೋ, ಡಾಂಗಲ್ ಡೊಂಕೋ

ಹಳೆಯ ಕಾಲದ ವಿಡಿಯೋ ಗೇಮ್ ಪೆಟ್ಟಿಗೆಗೆ ಬೇರೆ ಕಂಪನಿಯ ಅಗ್ಗದ ವೈರ್‌ಲೆಸ್ ಕಂಟ್ರೋಲರ್ ಜೋಡಿಸಿದರೆ ಸೋತವರಿಗೆ ಒಂದು ನೆಪ ಸಿಗುತ್ತದೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂಬ ಗಾದೆ ತಂತಿಯ ಕಂಟ್ರೋಲರ್‌ಗೆ ಸರಿಯಾಗಿ ಹೊಂದುತ್ತದೆ. ಅದರಲ್ಲಿ ಸೋತರೆ ಕೈಯೇ ಸೋತಂತೆ. ವೈರ್‌ಲೆಸ್‌ನಲ್ಲಿ ಅಂಗಳ ಒಮ್ಮೊಮ್ಮೆ ನಿಜವಾಗಿಯೂ ಡೊಂಕಿರುತ್ತದೆ. ಯಾವಾಗ ಡೊಂಕು, ಯಾವಾಗ ಅಲ್ಲ ಎಂದು ತೀರ್ಮಾನಿಸಲು ಪೆಟ್ಟಿಗೆ, ಟಿವಿ, ಅಡುಗೆಮನೆ ಮೂರನ್ನೂ ತಪಾಸಣೆ ಮಾಡಬೇಕು.

ಇಂಥ ಕಂಟ್ರೋಲರ್ ಕೊಳ್ಳುವಾತ ಸಾಮಾನ್ಯವಾಗಿ ತೊಂಬತ್ತರ ದಶಕದಲ್ಲಿ ಹುಡುಗನಾಗಿದ್ದವನು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಯಂತ್ರ ತಂದಿತು. ಅಮೆರಿಕದಲ್ಲಿ ಅದು 1985ರಲ್ಲಿ ಎನ್‌ಇಎಸ್ ಎನಿಸಿತು. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ 1980ರಲ್ಲಿ ಈ ಪೆಟ್ಟಿಗೆ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಅದಕ್ಕೂ ಒಂದು ಅಧ್ಯಾಯ ಸಿಗುತ್ತಿತ್ತೇನೋ. ಅದೇ ಜಾತಿಯ ಯಂತ್ರಗಳು ಭಾರತಕ್ಕೆ ಸಮುರಾಯ್, ಲಿಟಲ್ ಮಾಸ್ಟರ್ ಮುಂತಾದ ಹೆಸರು ಹೊತ್ತು ಬಂದವು. ಹುಡುಗರ ಬಾಯಲ್ಲಿ ಅದರ ಕಾರ್ಟ್ರಿಜ್ ‘ಕ್ಯಾಸೆಟ್’ ಆಯಿತು, ಕಂಟ್ರೋಲರ್ ‘ರಿಮೋಟ್’ ಆಯಿತು. ಮಾರುದ್ದ ತಂತಿ ಜೋತಾಡುತ್ತಿದ್ದ ವಸ್ತುವಿಗೆ ರಿಮೋಟ್ ಎಂದು ನಾಮಕರಣ ಮಾಡಿದವರು ಯಾರೋ, ಹೆಸರು ನಿಜವಾಗಲು ಇಪ್ಪತ್ತು ವರ್ಷದ ಮೇಲೇ ಬೇಕಾಯಿತು.

ಆ ಹುಡುಗ ಅರಕಲಗೂಡಿನವನು ಎಂದಿಟ್ಟುಕೊಳ್ಳೋಣ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಚನ್ನರಾಯಪಟ್ಟಣದ ಹುಡುಗಿಯನ್ನು ಮದುವೆಯಾಗಿ, ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಸಾಲದ ಮನೆ ಮಾಡಿದ್ದಾನೆ. 2016ರ ನವೆಂಬರಿನಲ್ಲಿ ನಿಂಟೆಂಡೊ ತನ್ನ ಹಳೆಯ ಯಂತ್ರವನ್ನು ಅಂಗೈಯಗಲಕ್ಕೆ ಇಳಿಸಿ ‘ಎನ್‌ಇಎಸ್ ಕ್ಲಾಸಿಕ್’ ಎಂದು ಮಾರಾಟಕ್ಕಿಟ್ಟಾಗ 60 ಡಾಲರ್ ತೆತ್ತು ಬಾಲ್ಯವನ್ನು ಮನೆಗೆ ತಂದ. ಒಳಗೆ 30 ಆಟಗಳಿವೆ, ಕಾಂಟ್ರಾ ಮಾತ್ರ ಇಲ್ಲ; ಅದರ ಮುಂದಿನ ಭಾಗ ‘ಸೂಪರ್ ಸಿ’ ಇದೆ. ಹದಿಮೂರರ ಮಗ್ಗಿ ಮರೆತರೂ ಮರೆಯದ ಮೇಲೆ-ಮೇಲೆ-ಕೆಳಗೆ-ಕೆಳಗೆ ಮಂತ್ರ, ಕಾಂಟ್ರಾದಲ್ಲಿ ಒತ್ತಿದರೆ 30 ಲೈಫ್ ಕೊಡುತ್ತಿದ್ದ ಆ ಮಂತ್ರ, ಅಲ್ಲಿ ಫಲಿಸುವುದಿಲ್ಲ.

ಮೂಲ ಕಂಟ್ರೋಲರ್‌ನ ತಂತಿ ಸುಮಾರು ಎರಡೂವರೆ ಅಡಿ. 55 ಇಂಚಿನ ಟಿವಿಗೆ ಅಷ್ಟು ಹತ್ತಿರ ಕೂತರೆ ಗಾಂಧಿ ಕ್ಲಾಸಿನ ಮೊದಲ ಬೆಂಚೇ ವಾಸಿ ಅನ್ನಿಸುತ್ತದೆ. ಸಾಲದ್ದಕ್ಕೆ, ಒಂದು ಆಟ ಬಿಟ್ಟು ಇನ್ನೊಂದಕ್ಕೆ ಹೋಗಲು ಎದ್ದು ಹೋಗಿ ಪೆಟ್ಟಿಗೆಯ ಮೇಲಿನ ರೀಸೆಟ್ ಒತ್ತಬೇಕು. ಬೇರೆ ಕಂಪನಿಯ ಅಗ್ಗದ ವೈರ್‌ಲೆಸ್ ಈ ಎರಡು ಕಷ್ಟಕ್ಕೂ ಮದ್ದು. ಹೆಬ್ಬೆರಳುದ್ದದ ಡಾಂಗಲ್ ಪೆಟ್ಟಿಗೆಯಲ್ಲಿ ಕೂರುತ್ತದೆ, ರಿಮೋಟ್ ಸೋಫಾಕ್ಕೆ ಬರುತ್ತದೆ. ಕೆಲವು ರಿಮೋಟಿನಲ್ಲಿ ಮೆನುವಿಗೆ ಮರಳುವ ಗುಂಡಿಯೂ ಇರುತ್ತದೆ. ಡಬ್ಬದ ಮೇಲೆ ಹತ್ತು ಮೀಟರ್ ದೂರದವರೆಗೆ ಕೆಲಸ ಮಾಡುತ್ತದೆ ಎಂದು ಬರೆದಿರುವುದು ವಾಡಿಕೆ.

ಜೋಡಿಸುವುದು ಸುಲಭ. ಡಾಂಗಲ್ಲಿನ ಗುಂಡಿ ಒತ್ತಿ, ದೀಪ ಮಿನುಗುತ್ತಿರುವಾಗಲೇ ರಿಮೋಟಿನ ಗುಂಡಿ ಒತ್ತಿದರೆ ಲಗ್ನವಾಯಿತು. ಎರಡು ಜೋಡಿಗೆ ಒಂದೇ ಮುಹೂರ್ತ ಇಟ್ಟರೆ ಮಾತ್ರ ವಧೂವರರು ಅದಲುಬದಲಾಗುವ ಸಂಭವವುಂಟು. ಅಣ್ಣ ಒತ್ತಿದ್ದಕ್ಕೆ ತಮ್ಮನ ಗೊಂಬೆ ಹಾರುತ್ತದೆ. ಸಾಮೂಹಿಕ ವಿವಾಹ ಕೂಡದು.

ಆಮೇಲಿನದು ಅಲೆಗಳ ಸಂಗತಿ. ಇಂಥ ರಿಮೋಟುಗಳು ಮಾತಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ವೈಫೈ, ಬ್ಲೂಟೂತ್ ಓಡಾಡುವುದೂ ಆ ಬೀದಿಯಲ್ಲೇ, ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದೂ ಅಲ್ಲೇ, 2.45ರಲ್ಲಿ. ಒಲೆಯ ಬಾಗಿಲಿನಿಂದ ಸೋರುವ ಅಲೆ ಮೈಗೆ ಅಪಾಯ ಮಾಡದಷ್ಟು ಅಲ್ಪವಾದರೂ ರಿಮೋಟಿನ ದನಿ ಅದಕ್ಕಿಂತ ಸಣ್ಣದು. ಮಂಗಳವಾರದ ಸಂತೆಯಲ್ಲಿ ಪಿಸುಗುಟ್ಟಿದಂತೆ. ಊರಿಂದ ಬಂದಿರುವ ಅಜ್ಜಿ ನಿನ್ನೆಯ ಅವರೆಕಾಳು ಸಾರನ್ನು ಒಳಗಿಟ್ಟು ಎರಡು ನಿಮಿಷ ಒತ್ತಿದ ಗಳಿಗೆಯಲ್ಲಿ ಮಾರಿಯೋ ಹಾರಬೇಕಾದಲ್ಲಿ ಹಾರದೆ ಹಳ್ಳಕ್ಕೆ ಬೀಳುತ್ತಾನೆ.

“ಅಜ್ಜಿ, ನಿಮ್ಮ ಸಾರಿಂದ ಮಾರಿಯೋ ಸತ್ತ!”

“ನನ್ ಸಾರಿಂದ ಸತ್ತೋರು ಯಾರೂ ಇಲ್ಲ ಕಣ್ಲಾ ಮಗಾ. ನಿಮ್ ತಾತ ನಲವತ್ತು ವರ್ಷದಿಂದ ಉಣ್ತಾವ್ರೆ.”

ವಿಜ್ಞಾನದ ಪ್ರಕಾರ ಮೊಮ್ಮಗನ ವಾದದಲ್ಲಿ ಹುರುಳಿದೆ. ಆದರೆ ಸಾರಿನ ಮೇಲೆ ಆಪಾದನೆ ಹೊರಿಸಿ ಆ ಮನೆಯಲ್ಲಿ ಉಣ್ಣುವುದು ಸಾಧ್ಯವಿಲ್ಲವಾದ್ದರಿಂದ ಪೆಟ್ಟಿಗೆಯನ್ನೇ ಅಡುಗೆಮನೆಯಿಂದಲೂ ವೈಫೈ ರೂಟರಿನಿಂದಲೂ ದೂರ ಸರಿಸುವುದು ಜಾಣತನ. ಎತ್ತರದಲ್ಲಿಡುವುದು ಇನ್ನೂ ಒಳ್ಳೆಯದು. ನೀರು ಈ ಅಲೆಗಳನ್ನು ಹೀರುತ್ತದೆ, ಮನುಷ್ಯನ ಮೈಯಲ್ಲಿ ಬಹುಪಾಲು ನೀರೇ. ರಿಮೋಟಿಗೂ ಡಾಂಗಲ್ಲಿಗೂ ನಡುವೆ ತಾತ ಕುರ್ಚಿ ಹಾಕಿಕೊಂಡರೆ ಅರ್ಧ ಮಾತು ತಾತನಲ್ಲೇ ಇಂಗುತ್ತದೆ. ಆರು ತಿಂಗಳ ಮಟ್ಟಿಗೆ ಅಷ್ಟು ದೂರದಿಂದ ಬಂದ ಹಿರಿಯರಿಗೆ ಪಕ್ಕಕ್ಕೆ ಸರಿಯಿರಿ ಎನ್ನಲು ಯಾವ ಸೊಸೆಗೂ ಬಾಯಿ ಬರುವುದಿಲ್ಲ.

ಇಷ್ಟಾದರೂ ಗುಂಡಿ ಒತ್ತಿದ್ದು ತಡವಾಗಿ ತಟ್ಟುತ್ತಿದ್ದರೆ ತಂತಿಯ ಕಂಟ್ರೋಲರ್ ಸಿಕ್ಕಿಸಿ ನೋಡಬೇಕು. ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ, ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು. ಈಗಿನ ಟಿವಿಗಳು ಚಿತ್ರವನ್ನು ತಿದ್ದಿ ತೀಡುವುದರಲ್ಲೇ ಅಂಥ ಹಲವು ಚಿತ್ರಗಳಷ್ಟು ಹೊತ್ತು ಕಳೆಯಬಲ್ಲವು. ತಂತಿಯಲ್ಲೂ ತಡವಾದರೆ ತಪ್ಪು ಟಿವಿಯದು. ಅದರ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಹಾಕಿದರೆ ಮುಗಿಯಿತು. ಅಗ್ಗದ ರಿಮೋಟ್ ನಿಜವಾಗಿ ಕೈಕೊಡುವುದು ನಾಲ್ಕು ದಿಕ್ಕಿನ ಗುಂಡಿಯಲ್ಲಿ. 1982ರಲ್ಲಿ ನಿಂಟೆಂಡೊದ ಗುನ್‌ಪೆಯ್ ಯೊಕೊಯ್ ಡಾಂಕಿ ಕಾಂಗ್ ಕೈಯಾಟಕ್ಕೆ ರೂಪಿಸಿದ ಆ ಕೂಡು ಗುರುತಿನ ಗುಂಡಿ ನೋಡಲು ಸರಳ, ನಕಲು ಮಾಡಲು ಕಷ್ಟ. ಒಳಗಿನ ರಬ್ಬರ್ ಸಡಿಲವಾದರೆ ಬಲಕ್ಕೆ ಒತ್ತಿದ್ದು ಕೆಳಕ್ಕೂ ತಗಲುತ್ತದೆ. ಪೈಪಿನ ಮೇಲೆ ಓಡುತ್ತಿದ್ದ ಮಾರಿಯೋ ಯಾರೂ ಹೇಳದೆ ಒಳಗಿಳಿದು ಹೋಗುತ್ತಾನೆ. ಇಲ್ಲಿ ಮಾತ್ರ ಅಂಗಳ ಸಾಕ್ಷಾತ್ ಡೊಂಕು.

ಚಾರ್ಜ್ ಉಳಿಸಲು ರಿಮೋಟ್ ಕೆಲ ನಿಮಿಷ ಸುಮ್ಮನಿದ್ದರೆ ನಿದ್ದೆಹೋಗುತ್ತದೆ. ಸೂಪರ್ ಮಾರಿಯೋದಲ್ಲಿ ಇಬ್ಬರು ಸರದಿಯ ಮೇಲೆ ಆಡಬೇಕು. ಅಪ್ಪ ಸಾಯದೆ ಆಡುತ್ತಲೇ ಇದ್ದರೆ ಮಗನ ರಿಮೋಟ್ ಗೊರಕೆ ಹೊಡೆಯುತ್ತಿರುತ್ತದೆ, ಎಬ್ಬಿಸುವಷ್ಟರಲ್ಲಿ ಲೂಯಿಜಿಗೆ ಅಣಬೆ ಡಿಕ್ಕಿ ಹೊಡೆದಿರುತ್ತದೆ. ಸಣ್ಣ ಸೆಲ್ಲಿನ ರಿಮೋಟಾದರೆ ಸೆಲ್ಲುಗಳು ಧಾರಾವಾಹಿಯ ಹೊತ್ತಿಗೆ ಟಿವಿ ರಿಮೋಟಿಗೆ ವರ್ಗವಾಗುತ್ತವೆ. ಅರಕಲಗೂಡಿನ ಅಪ್ಪ-ಅಮ್ಮ ಊರಿಗೆ ಹೊರಟು ಚನ್ನರಾಯಪಟ್ಟಣದ ಅತ್ತೆ-ಮಾವ ಬಂದರೂ ಈ ವರ್ಗಾವಣೆ ನಿಲ್ಲುವುದಿಲ್ಲ.

ಊರಿಗೆ ಒಯ್ಯುವುದು ಕೊನೆಯ ಹಂತ. ಪೆಟ್ಟಿಗೆ ನಡೆಯುವುದು ಯುಎಸ್‌ಬಿಯ 5 ವೋಲ್ಟಿನಲ್ಲಿ. ಅಮೆರಿಕದ 120 ವೋಲ್ಟ್, ಇಲ್ಲಿಯ 230 ಎಂಬ ತಕರಾರಿಲ್ಲದೆ ಹೊಳೆನರಸೀಪುರದ ಸೋದರತ್ತೆಯ ಮನೆಯಲ್ಲಿ ಮೊಬೈಲ್ ಚಾರ್ಜರಿಗೇ ಓಡುತ್ತದೆ. ರಜೆ ಮುಗಿದು ಸೂಟ್‌ಕೇಸ್ ಕಟ್ಟುವಾಗ ಪೆಟ್ಟಿಗೆ ನೆನಪಾಗುತ್ತದೆ, ರಿಮೋಟ್ ನೆನಪಾಗುತ್ತದೆ. ಕಳಚಿಟ್ಟ ಡಾಂಗಲ್ ತಾತನ ಮನೆಯ ಕಿಟಕಿಯ ಮೇಲೆ ಉಳಿಯುತ್ತದೆ. ತಾತ ಅದನ್ನು ಮೊಮ್ಮಗನ ಫೋಟೊಗಳಿರುವ ಪೆನ್‌ಡ್ರೈವ್ ಎಂದು ಬಗೆದು ಅರಕಲಗೂಡಿನ ಸ್ಟುಡಿಯೋಗೆ ಒಯ್ಯುತ್ತಾರೆ. ಸ್ಟುಡಿಯೋದ ಹುಡುಗ ತಿರುಗಿಸಿ, ಮಗುಚಿ, ಊದಿ ನೋಡಿ, “ಇದು ನಮ್ ಕಂಪ್ಯೂಟರ್‌ಗೆ ಹೋಗಲ್ಲ ಯಜಮಾನ್ರೆ” ಎಂದು ವಾಪಸು ಕೊಡುತ್ತಾನೆ. ಡಾಂಗಲ್ ತಾತನ ಕನ್ನಡಕದ ಡಬ್ಬಿ ಸೇರುತ್ತದೆ, ರಿಮೋಟ್ ಎಡಿಸನ್ನಿನ ಸೋಫಾದ ಸಂದಿಯಲ್ಲಿರುತ್ತದೆ. ನಡುವಿನ ಅಂತರ ಡಬ್ಬದ ಮೇಲೆ ಬರೆದ ಹತ್ತು ಮೀಟರಿಗಿಂತ ತುಸು ಹೆಚ್ಚು.