ಜಾತಕ ಅಮೋಘ, ಬೆನ್ನೆಲುಬು ತುಕ್ಕು!

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬಹುದು. ಹಳೇ ಸ್ಪೋರ್ಟ್ಸ್ ಕಾರು ಮಾರುವುದು ಮಾತ್ರ ಕಷ್ಟ. ಇಂಗ್ಲೆಂಡಿನಲ್ಲಿರುವ ನಮ್ಮ ಭಾವನ 1972ರ ಎಂಜಿಬಿ 15 ವರ್ಷದಿಂದ ಗ್ಯಾರೇಜಿನಲ್ಲಿ ಮುಸುಕು ಹೊದ್ದು ಮಲಗಿತ್ತು. ಹುಟ್ಟೂರು ಅಬಿಂಗ್ಡನ್, 1798 ಸಿಸಿ ಎಂಜಿನ್, ಜೋಡಿ ಕಾರ್ಬ್ಯುರೇಟರ್, ಕ್ರೋಮ್ ಬಂಪರ್. ಜಾತಕವೇನೋ ಅಮೋಘ!

ನೋಡಲು ಬಂದವರೆಲ್ಲ ಬಾನೆಟ್ ಎತ್ತಿ ತಲೆದೂಗಿ ಹೋದರು. ಒಬ್ಬಾತ ಮಾತ್ರ ನೆಲಕ್ಕೆ ಬೆನ್ನು ಹಚ್ಚಿ, ಬಾಗಿಲ ಕೆಳಗಿನ ಸಿಲ್ ತಟ್ಟಿದ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಸಿಲ್ಲೇ ಬೆನ್ನೆಲುಬು. ಹಪ್ಪಳದಂತೆ ತುಕ್ಕು ಉದುರಿತು.

"ತುಂಬಾ ಜೋಪಾನವಾಗಿ ಇಟ್ಟಿದ್ದೇನೆ" ಅಂದರು ಭಾವ.

"ಹೌದು, ತುಕ್ಕನ್ನೂ" ಅಂದ ಆತ. ಅರ್ಧ ಬೆಲೆಗೆ ಒಯ್ದ.

ಕೊಳ್ಳುವವರಿಗೆ ನನ್ನದೊಂದೇ ಮಾತು: ಬಣ್ಣಕ್ಕೆ ಮರುಳಾಗಬೇಡಿ, ಮೊದಲು ಕಾರಿನಡಿ ಮಲಗಿ ನೋಡಿ.