ಊರಿಗೆ ಬಂದ ಗಾಡಿ ನೀರಿಗೆ ಬಾರದಿದ್ದೀತೇ?

ನಮ್ಮ ಭಾವನ ಗ್ಯಾರೇಜಿನೊಳಗೆ ಕಾರು ಕಾಲಿಟ್ಟು ಮೂರು ವರ್ಷವಾಯಿತು. ಮನೆಯ ಎರಡೂ ಕಾರುಗಳು ಹಿಮದಲ್ಲಿ ಹೊರಗೆ ನಡುಗುತ್ತಿರುತ್ತವೆ. ಒಳಗೆ ಹೀಟರ್ ಹಚ್ಚಿಸಿಕೊಂಡು ಬಾಣಂತಿಯ ಹಾಗೆ ಬೆಚ್ಚಗೆ ಮಲಗಿರುವುದು ಬೇರೊಂದು ಜೀವ. ಸ್ನಾನದ ತೊಟ್ಟಿಯೊಂದಕ್ಕೆ ಆಚೆ ಮೂರು, ಈಚೆ ಮೂರು ಉದ್ದಿನ ವಡೆ ಸಿಕ್ಕಿಸಿದರೆ ಹೇಗಿರುತ್ತದೋ ಹಾಗಿದೆ ಅದು. ಬಾಗಿಲಿಲ್ಲ, ಸ್ಟೀರಿಂಗ್ ಚಕ್ರವಿಲ್ಲ, ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಯಾವುದೂ ಇಲ್ಲ. ಒಂದು ಕಾಲದಲ್ಲಿ ಹಳದಿ ಬಣ್ಣ ಇತ್ತಂತೆ. ಇದು ನೆಲದ ಮೇಲೆ ಓಡುತ್ತದೆ, ನೀರಿನ ಮೇಲೆ ತೇಲುತ್ತದೆ ಎನ್ನುತ್ತಾರೆ ಭಾವ. ಗ್ಯಾರೇಜಿನಲ್ಲಿ ಮಲಗುತ್ತದೆ ಎನ್ನುತ್ತಾಳೆ ಅಕ್ಕ. ಇಬ್ಬರ ಮಾತೂ ನಿಜವೇ. ಯಾವುದು ವರ್ಷದಲ್ಲಿ ಎಷ್ಟು ದಿನ ಎನ್ನುವುದರಲ್ಲಿ ಮಾತ್ರ ತಕರಾರು.

ಭಾವ ಸಾಗರದ ಕಡೆಯವರು. ಕೆನಡಾದ ಒಂಟಾರಿಯೋದಲ್ಲಿ, ಕಿಚನರ್ ಊರಿನಲ್ಲಿ ಕಂಪ್ಯೂಟರ್ ಕೆಲಸ. ಎಲ್ಲರ ಹಾಗೆ ಅವರೂ ಗಾಲ್ಫ್ ಆಡಿಕೊಂಡೋ ಕನ್ನಡ ಸಂಘದಲ್ಲಿ ಪದಾಧಿಕಾರಿಯಾಗಿ ಜಗಳ ಆಡಿಕೊಂಡೋ ಸುಖವಾಗಿ ಇರಬಹುದಿತ್ತು. ಆದರೆ ಜಾಗದ ಗುಣ ಬಿಡಬೇಕಲ್ಲ! ಪಕ್ಕದ ನ್ಯೂ ಹ್ಯಾಂಬರ್ಗ್‌ನಲ್ಲಿ ಯಂತ್ರದ ಗೇರು ಮಾಡುವ ಕಾರ್ಖಾನೆಯೊಂದಿದೆ, 1962ರಲ್ಲಿ ಶುರುವಾದದ್ದು. ಬರೀ ಗೇರು ಮಾಡಿ ಬೇಜಾರಾಯಿತೋ ಏನೋ, 1967ರಲ್ಲಿ ಅವರು ಆರ್ಗೋ ಎನ್ನುವ ಆರು ಚಕ್ರದ ನೆಲ-ನೀರಿನ ಗಾಡಿ ಹೊರತಂದರು. ಆಮೇಲೆ ಎಂಟು ಚಕ್ರದ್ದೂ ಬಂತು. ಕೆನಡಾದ ಬಾಹ್ಯಾಕಾಶ ಸಂಸ್ಥೆಗೆ ಪರೀಕ್ಷಾರ್ಥ ರೋವರ್‌ಗಳನ್ನು ಮಾಡುವುದರಲ್ಲೂ ಅವರ ಕೈ ಇತ್ತು. ಅಂಥ ಊರಿನ ದಾರಿಯಲ್ಲಿ ಒಂದು ಭಾನುವಾರ ಯಾರದೋ ಟ್ರೈಲರಿನ ಮೇಲೆ ಎಂಟು ಚಕ್ರದ್ದೊಂದನ್ನು ಭಾವ ಕಂಡರು. ಆವತ್ತು ಸಂಜೆ ಅವರು ಊಟ ಮಾಡಲಿಲ್ಲ.

ಭಾವನ ಗಾಡಿ ಅಲ್ಲಿಯದಲ್ಲ, ಬಿಡಿ. ಯಾವತ್ತೋ ಬಾಗಿಲು ಹಾಕಿದ ಬೇರೆ ಯಾವುದೋ ಕಂಪನಿಯದು. ಹೆಸರು ಹೇಳಕೂಡದೆಂದು ಕಟ್ಟಪ್ಪಣೆಯಾಗಿದೆ. ಅದರ ಕುಲಗೋತ್ರ ತಿಳಿದುಬಿಟ್ಟರೆ ಹಳೇ ಬಿಡಿಭಾಗಗಳಿಗೆ ಪೈಪೋಟಿಗೆ ನಿಲ್ಲುವವರು ಹೆಚ್ಚಿಯಾರು ಎಂದು ಅವರ ಭಯ. ಈ ಲೋಕದಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರಂತೆ. ನಾನು ಕಂಡದ್ದು ಒಬ್ಬರನ್ನೇ, ಅದೇ ಸಾಕಾಗಿದೆ.

ಈ ತಳಿಗೂ ಒಂದು ಯೌವನವಿತ್ತು. 1961ರಲ್ಲಿ ಕೆನಡಾದಲ್ಲೇ ಜೈಗರ್ ಎಂಬ ಆರು ಚಕ್ರದ ಮರಿ ಹುಟ್ಟಿತು. ಅದನ್ನು ನೋಡಿ ಅಮೆರಿಕದಲ್ಲಿ ಆಂಫಿಕ್ಯಾಟ್, ಆಟೆಕ್ಸ್, ಮ್ಯಾಕ್ಸ್ ಎಂದು ಸಾಲುಸಾಲಾಗಿ ಮರಿಗಳು. 1968ರಲ್ಲಿ ಬಂದ ‘ಬನಾನಾ ಸ್ಪ್ಲಿಟ್ಸ್’ ಎಂಬ ಮಕ್ಕಳ ಟೀವಿ ಕಾರ್ಯಕ್ರಮದಲ್ಲಿ ನಾಯಿ, ಗೊರಿಲ್ಲಾ, ಸಿಂಹ, ಆನೆಯ ವೇಷ ತೊಟ್ಟವರು ಆಂಫಿಕ್ಯಾಟ್ ಹತ್ತಿ ಓಡಾಡಿದರು. 1975ರ ‘ಸ್ಪೇಸ್: 1999’ ಧಾರಾವಾಹಿಯಲ್ಲಿ ಅದೇ ಗಾಡಿ ಚಂದ್ರನ ಮೇಲೆ ಓಡಿತು. ಚಂದ್ರನ ಮೇಲೆ ನೀರೇ ಇಲ್ಲವಲ್ಲ, ತೇಲುವ ಗಾಡಿ ಯಾಕೆ ಎಂದು ಆಗ ಯಾರೂ ಕೇಳಿದಂತಿಲ್ಲ. ಅಷ್ಟರಲ್ಲಿ 1970ರಲ್ಲಿ ಹೋಂಡಾದವರು ಉಬ್ಬು ಟೈರಿನ ಮೂರು ಚಕ್ರದ ಬಂಡಿ ತಂದಿದ್ದರು. ಬೈಕಿನ ಹಾಗೆ ಕುದುರೆ ಸವಾರಿ. ಜನ ಅತ್ತ ಓಡಿದರು, ತೊಟ್ಟಿ ಮಾಡುವವರಲ್ಲಿ ಬಹಳ ಮಂದಿ ಅಂಗಡಿ ಮುಚ್ಚಿದರು. ತೊಟ್ಟಿಗಳು ಯಾರು ಯಾರದೋ ಕೊಟ್ಟಿಗೆಯ ಹಿಂದೆ ಹುಲ್ಲಿನಲ್ಲಿ ಹುದುಗಿದವು. ಐವತ್ತು ವರ್ಷದ ಮೇಲೆ ಸಾಗರದಿಂದ ಒಬ್ಬರು ಬಂದು ಎತ್ತುವ ತನಕ.

ಗಾಡಿಯ ಮರ್ಮ ಪೂರ್ತಿ ಟೈರಿನಲ್ಲಿದೆ. ಕಾರಿನ ಟೈರಿಗೆ 32 ಪೌಂಡ್ ಗಾಳಿ ತುಂಬಿದರೆ ಇದಕ್ಕೆ ಎರಡು ಮೂರು ಪೌಂಡು ಸಾಕು. ಪೆಟ್ರೋಲ್ ಬಂಕಿನ ಮೀಟರಿಗೆ ಅಷ್ಟು ಕಡಿಮೆ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಭಾವ ಬೇರೆಯದೇ ಒಂದು ಪುಟ್ಟ ಮೀಟರು ಇಟ್ಟುಕೊಂಡಿದ್ದಾರೆ. ಆದರೂ ಕೊನೆಗೆ ನಂಬುವುದು ಹೆಬ್ಬೆರಳನ್ನೇ, ಹಲಸಿನ ಹಣ್ಣು ಒತ್ತಿ ನೋಡುವ ಹಾಗೆ. ಆರು ಮೆತ್ತನೆಯ ಟೈರುಗಳ ಮೇಲೆ ಭಾರ ಹರಡಿಕೊಳ್ಳುವುದರಿಂದ ಒಂದೊಂದು ಅಂಗುಲ ನೆಲದ ಮೇಲೆ ಬೀಳುವ ಒತ್ತಡ ನಮ್ಮ ನಿಮ್ಮ ಹೆಜ್ಜೆಯದ್ದಕ್ಕಿಂತ ಕಡಿಮೆ. ನೀವು ಮೊಣಕಾಲ ತನಕ ಹೂತುಹೋಗುವ ಜವುಗಿನ ಮೇಲೆ ಅದು ಹಾಸಿಗೆ ಮೇಲೆ ಬೆಕ್ಕು ನಡೆದಂತೆ ಹೋಗುತ್ತದೆ. ಸ್ಪ್ರಿಂಗೂ ಟೈರೇ, ನೀರಿಗಿಳಿದರೆ ಅರ್ಧ ದೋಣಿಯೂ ಟೈರೇ, ಹುಟ್ಟೂ ಅದೇ. ಟೈರಿನ ಮೇಲಿನ ಉಬ್ಬುಗಳು ನೀರನ್ನು ಹಿಂದಕ್ಕೆ ತಳ್ಳಿ ಗಂಟೆಗೆ ನಾಲ್ಕೈದು ಕಿಲೋಮೀಟರಿನಲ್ಲಿ ಗಾಡಿಯನ್ನು ಮುಂದೆ ಒಯ್ಯುತ್ತವೆ. ದಡದಲ್ಲಿ ಕಾಫಿ ಲೋಟ ಹಿಡಿದು ನಡೆಯುವವರು ಮುಂದೆ ಹೋಗಿಬಿಡುತ್ತಾರೆ.

ಸ್ಟೀರಿಂಗಿನ ಬದಲು ಎಡಗೈಗೊಂದು, ಬಲಗೈಗೊಂದು ಲಿವರು. ಎಡದ್ದನ್ನು ಎಳೆದರೆ ಎಡಗಡೆಯ ಮೂರೂ ಚಕ್ರಕ್ಕೆ ಬ್ರೇಕು. ಬಲಗಡೆಯವು ಓಡುತ್ತಲೇ ಇರುವುದರಿಂದ ಗಾಡಿ ಎಡಕ್ಕೆ ಹೊರಳುತ್ತದೆ. ಜೋಡೆತ್ತು ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಕ್ರ ಒಂದೂ ಓರೆಯಾಗುವುದಿಲ್ಲವಲ್ಲ, ಹಾಗಾಗಿ ತಿರುಗುವಾಗ ನೆಲ ಕೆರೆದುಕೊಂಡೇ ತಿರುಗಬೇಕು. ಜವುಗಿನಲ್ಲಿ ಹುಲ್ಲೆಸಳು ಮುರಿಯದಷ್ಟು ಸಾಧು ಪ್ರಾಣಿ ಅಕ್ಕನ ಹಿತ್ತಿಲ ಹುಲ್ಲುಹಾಸಿನ ಮೇಲೆ ಒಂದೇ ಒಂದು ತಿರುವು ತೆಗೆದುಕೊಂಡಿತು. ಆ ಗುರುತು ಈಗಲೂ ಇದೆ. ಅಲ್ಲಿ ಅಕ್ಕ ಮೆಂತ್ಯ ಸೊಪ್ಪು ಹಾಕಿದ್ದಾಳೆ. ನಡುವಿನ ಎರಡು ಟೈರಿಗೆ ಚೂರು ಹೆಚ್ಚು ಗಾಳಿ ಹಿಡಿದರೆ ಗಾಡಿ ಹೊಟ್ಟೆಯ ಮೇಲೆ ಸಲೀಸಾಗಿ ತಿರುಗುತ್ತದೆ ಎಂಬ ವಿದ್ಯೆ ಭಾವನಿಗೆ ಗೊತ್ತಾದದ್ದು ಆಮೇಲೆ.

“ಭಾವ, ಕೆಸರಿನಲ್ಲಿ ನಡೆಯೋದು, ಕೆರೆಯಲ್ಲಿ ತೇಲೋದು, ಇದನ್ನೆಲ್ಲ ನಿಮ್ಮ ಅಪ್ಪಯ್ಯನ ಎಮ್ಮೆ ಆಗಲೇ ಮಾಡ್ತಿತ್ತಲ್ಲ, ಮೇಲಿಂದ ಎರಡು ಹೊತ್ತು ಹಾಲು ಬೇರೆ” ಎಂದೆ ಒಂದು ಸಲ.

“ಎಮ್ಮೆಗೆ ರಿವರ್ಸ್ ಗೇರ್ ಇಲ್ಲ ಮಾರಾಯ” ಎಂದರು ಗ್ರೀಸ್ ಗನ್ನಿನಿಂದ ತಲೆ ಎತ್ತದೆ.

ಗ್ರೀಸ್ ಎಂದೆನಲ್ಲ, ಈ ಗಾಡಿ ಇಟ್ಟುಕೊಳ್ಳುವುದು ಎಂದರೆ ಮುಕ್ಕಾಲು ಪಾಲು ಅದೇ. ಆರು ಅಚ್ಚು, ಒಂದೊಂದಕ್ಕೆ ಒಳಗೊಂದು ಹೊರಗೊಂದು ಬೇರಿಂಗು, ಅಲ್ಲಿಗೆ ಹನ್ನೆರಡು. ಹೊರಗಿನವು ನೀರಿನಲ್ಲಿ ಮುಳುಗಿ ಬರುವವು, ಹಳೇ ಗ್ರೀಸು ಪಕ್ಕದಿಂದ ಹೊರಬರುವ ತನಕ ಹೊಸದನ್ನು ತುಂಬುತ್ತಲೇ ಇರಬೇಕು. ತೊಟ್ಟಿಯ ಹೊಟ್ಟೆಯೊಳಗೆ ಗೇರ್‌ಬಾಕ್ಸಿನಿಂದ ಅಚ್ಚಿಗೆ, ಅಚ್ಚಿನಿಂದ ಅಚ್ಚಿಗೆ ಚೈನುಗಳು. ಅವು ಜೋತುಬಿದ್ದರೆ ಹಲ್ಲು ಹಾರುತ್ತವೆ, ಬಿಗಿದರೆ ಬೇರಿಂಗು ತಿನ್ನುತ್ತವೆ, ಒಣಗಿದರೆ ತುಕ್ಕು. ಅತ್ತೆ ಸೊಸೆ ನಾದಿನಿಯರನ್ನು ಒಂದೇ ಮನೆಯಲ್ಲಿಟ್ಟು ಎಲ್ಲರನ್ನೂ ಸಮಾಧಾನದಲ್ಲಿ ಇಟ್ಟ ಹಾಗೆ. ಒಂದು ಗಂಟೆ ನೀರಿಗಿಳಿದು ಬಂದರೆ ಎರಡು ಶನಿವಾರ ಆರೈಕೆ. ಭಾವ ಇದನ್ನು ದೂರು ಎಂದು ಹೇಳುವುದಿಲ್ಲ. ಆ ಶನಿವಾರಗಳಲ್ಲಿ ಅವರ ಮುಖ ನೋಡಿದರೆ, ನೀರಿಗಿಳಿಯುವುದೇ ಆರೈಕೆಗೊಂದು ನೆಪ ಇರಬೇಕು ಎಂದು ನನಗೆ ಬಲವಾದ ಅನುಮಾನ.

ಇನ್ನು ಮಾರ್ಪಾಡು. ಗಾಡಿಯಲ್ಲಿ ಮೊದಲಿದ್ದದ್ದು ಟೂ ಸ್ಟ್ರೋಕ್ ಇಂಜಿನು, ನಮ್ಮ ಹಳೇ ಸ್ಕೂಟರುಗಳ ಹಾಗೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು. ಶುರು ಮಾಡಿದರೆ ಬೀದಿಯೆಲ್ಲ ನೀಲಿ ಹೊಗೆ. ಪಕ್ಕದ ಮನೆಯವರು ಒಂದು ಸಲ ಬಹಳ ವಿನಯದಿಂದ, ಬೆಂಕಿ ಬಿದ್ದಿದೆಯೇ ಎಂದು ವಿಚಾರಿಸಿದರು. ಭಾವ ಅದನ್ನು ಕಿತ್ತು, ಹುಲ್ಲು ಕೊಯ್ಯುವ ಹಳೇ ಟ್ರಾಕ್ಟರಿನ ಎರಡು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನು ಕೂರಿಸಿದರು. ಗಾಡಿಗಿಂತ ಇಂಜಿನಿಗೆ ಹೆಚ್ಚು ಬಿತ್ತು, ಅದನ್ನು ಕೂರಿಸುವ ಪಟ್ಟಿ, ಪುಲ್ಲಿ, ಬೆಲ್ಟಿಗೆ ಇಂಜಿನಿಗಿಂತ ಹೆಚ್ಚು ಬಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ, ಯಾಕೆಂದರೆ ಹೊಸ ಇಂಜಿನು ಹಳೆಯದಕ್ಕಿಂತ ತೂಕ ಹೆಚ್ಚು, ಕೂತಿರುವುದು ಹಿಂಭಾಗದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಆರು ಚಕ್ರದ ತೇಲುವ ಲಾರಿಯೊಂದಿತ್ತು. ಸುಮಾರು 21,000 ಮಾಡಿದರು. ಕಾರ್ಖಾನೆಯ ಸಂಕೇತಾಕ್ಷರ ಡಿ-ಯು-ಕೆ-ಡಬ್ಲ್ಯು, ಸೈನಿಕರ ಬಾಯಲ್ಲಿ ಅದೇ ‘ಡಕ್’ ಆಯಿತು. ಅದರ ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಏರಿಸಿ ಇಳಿಸಬಹುದಿತ್ತು. ಇದನ್ನು ಎಲ್ಲೋ ಓದಿದ ಭಾವ ಅಕ್ವೇರಿಯಂನ ಪ್ಲಾಸ್ಟಿಕ್ ಕೊಳವೆ ಹಿಡಿದುಕೊಂಡು ಒಂದು ವಾರ ಗ್ಯಾರೇಜಿನಲ್ಲಿದ್ದರು. ಮನೆಯ ಮೀನುಗಳ ಪ್ರಾಣಕ್ಕೆ ಸಂಚಕಾರ ಬರುವುದರೊಳಗೆ ಅಕ್ಕ ಕೊಳವೆ ವಾಪಸು ಪಡೆದಳು.

ಆದರೆ ಲೆಗೊ ವಿಷಯದಲ್ಲಿ ಅವಳಿಗೆ ತಡವಾಗಿತ್ತು. ತೊಟ್ಟಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದು, ಮುಂದಿನ ಮೂಲೆಯಲ್ಲಿ ಗೇಣುದ್ದ ಬಿರುಕು. ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಅಸಿಟೋನಿನಲ್ಲಿ ಕರಗಿಸಿ ಬಳಿದರೆ ಬಿರುಕು ಬೆಸೆದುಕೊಳ್ಳುತ್ತದೆ. ಅಸಿಟೋನು ಅಂಗಡಿಯಲ್ಲಿ ಸಿಕ್ಕಿತು. ಎಬಿಎಸ್? ಮಕ್ಕಳ ಲೆಗೊ ಇಟ್ಟಿಗೆ ಮಾಡುವುದು ಅದರಿಂದಲೇ! ಒಂದು ರಾತ್ರಿ ನಾನು ಹೋದಾಗ ಭಾವ ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ಮಗನ ಕೆಂಪು ಇಟ್ಟಿಗೆಗಳನ್ನು ನೆನೆಹಾಕಿ ಕಡ್ಡಿಯಿಂದ ತಿರುವುತ್ತಿದ್ದರು. ಮೊದಲು ಅಂಚು ಮೆತ್ತಗಾಗುತ್ತದೆ, ಆಮೇಲೆ ಇಟ್ಟಿಗೆ ಜೋಲುತ್ತದೆ, ಬೆಳಗಿನ ಹೊತ್ತಿಗೆ ದೋಸೆ ಹಿಟ್ಟಿನ ಹದಕ್ಕೆ ಕೆಂಪು ಅಂಟು. ಗ್ಯಾರೇಜಿನ ತುಂಬ ಉಗುರು ಬಣ್ಣ ಅಳಿಸುವ ವಾಸನೆ. “ಹಳದಿ ಇಟ್ಟಿಗೆ ಸಾಲದಾಯ್ತು” ಎಂದು ಭಾವ ನೊಂದುಕೊಂಡರು. ಬಣ್ಣ ಹೊಂದುವುದಿಲ್ಲವಲ್ಲ ಎಂಬುದು ಆ ತಂದೆಯ ಹೃದಯದ ನೋವು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ ಗಾಡಿ ಬೇಕೇ ಬೇಕಾದವರೂ ಇದ್ದಾರೆ. ಒಂಟಾರಿಯೋದ ಉತ್ತರಕ್ಕೆ ಮಸ್ಕೆಗ್ ಎಂಬ ನೆಲವಿದೆ, ಪಾಚಿ ಕೊಳೆತು ನೀರು ಕುಡಿದು ಊದಿಕೊಂಡದ್ದು, ಗಟ್ಟಿಯೂ ಅಲ್ಲ, ತೆಳುವೂ ಅಲ್ಲ. ವಿದ್ಯುತ್ ಕಂಬ ನೋಡಿಕೊಳ್ಳುವವರು ಅಲ್ಲಿಗೆ ಹೋಗಬೇಕು, ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕಬೇಕು. ಬೇಟೆಗಾರರು 400 ಕಿಲೋ ತೂಗುವ ಮೂಸ್ ಹೊಡೆದರೆ ಹೊತ್ತು ತರುವುದು ಹೇಗೆ? ಅವರೆಲ್ಲ ಎಂಟು ಚಕ್ರದ್ದನ್ನು ಕೊಂಡು, ಟೈರಿನ ಸುತ್ತ ರಬ್ಬರ್ ಪಟ್ಟ ಹಾಕಿಕೊಂಡು ಹೋಗುತ್ತಾರೆ. ನಮ್ಮ ಭಾವನೋ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿ ತಿನ್ನುವ ಮನುಷ್ಯ.

ಅಂತೂ ಮೇ ತಿಂಗಳ ಒಂದು ಭಾನುವಾರ ಪರಿಚಯದ ರೈತರೊಬ್ಬರ ಕೆರೆಯಲ್ಲಿ ಮುಹೂರ್ತವಾಯಿತು. ಅಕ್ಕ ಹಿಂದಿನ ಟೈರಿಗೆ ನಿಂಬೆಹಣ್ಣು ಇಟ್ಟಳು. ಲೈಫ್ ಜಾಕೆಟ್ ತೊಟ್ಟು ನಾನೂ ಭಾವನೂ ಇಳಿದೆವು. ತಳದ ಬಿರಡೆ ಹಾಕುವುದು ಮರೆತು ಮುಳುಗಿದೆವು ಎಂದು ನೀವು ಕಾಯುತ್ತಿದ್ದೀರಿ. ಇಲ್ಲ. ಬಿರಡೆಯನ್ನು ಅಕ್ಕನೇ ಕೈಯಾರೆ ಬಿಗಿದಿದ್ದಳು. ಕೆಂಪು ತೇಪೆ ಒಂದು ಹನಿ ಸೋರಲಿಲ್ಲ. ಟೈರುಗಳು ನೀರು ಬಡಿಯುತ್ತ ಗಾಡಿ ಗಂಭೀರವಾಗಿ ನಡುಕೆರೆಗೆ ಹೋಯಿತು. ಭಾವನ ಮುಖದಲ್ಲಿ ಆಗ ಇದ್ದ ಕಳೆಯನ್ನು ನಾನು ಅವರ ಮದುವೆಯಲ್ಲೂ ಕಂಡಿರಲಿಲ್ಲ.

ಅಲ್ಲಿ ಗಾಳಿ ಬೀಸಿತು. ಎಡ ಲಿವರ್ ಎಳೆದರೂ ಬಲ ಲಿವರ್ ಎಳೆದರೂ ಗಾಡಿ ಹಂಪಿಯ ಹರಿಗೋಲಿನಂತೆ ತನ್ನಿಷ್ಟಕ್ಕೆ ತಿರುಗತೊಡಗಿತು. ಚಿಮ್ಮಿದ ನೀರು ಬೆಲ್ಟಿಗೆ ಬಿತ್ತು. ಗೇರಿಲ್ಲದ ಸ್ಕೂಟರಿನಲ್ಲಿ ಇರುತ್ತದಲ್ಲ, ಅಂಥದ್ದೇ ಬೆಲ್ಟು ಇದರಲ್ಲೂ. ಒದ್ದೆಯಾದರೆ ಜಾರುತ್ತದೆ. ಇಂಜಿನು ಗುಡುಗುತ್ತಿದೆ, ಚಕ್ರ ಧ್ಯಾನದಲ್ಲಿದೆ. ಎರಡು ಕಾಡು ಬಾತುಗಳು ಹತ್ತಿರ ಬಂದು ನಮ್ಮನ್ನು ಒಂದು ಸುತ್ತು ಹಾಕಿ ಹೋದವು. ಹಿಮ ಎತ್ತುವ ಸಲಿಕೆಯನ್ನು ಹುಟ್ಟು ಮಾಡಿಕೊಂಡು ನಾನು ಮೀಟಿದೆ. ಅಷ್ಟರಲ್ಲಿ ಬೆಲ್ಟು ಬಿಸಿಗೆ ಒಣಗಿ ಹಿಡಿದುಕೊಂಡಿತು, ದಡ ಸಿಕ್ಕಿತು.

ದಡವೇ ಕಷ್ಟ ಎಂದು ಆಗ ತಿಳಿಯಿತು. ಮುಂದಿನ ಚಕ್ರ ಏರಿಯ ಜಾರು ಮಣ್ಣು ಹತ್ತಿದೊಡನೆ ಮೂಗು ಮೇಲೆ, ಬಾಲ ಕೆಳಗೆ. ಬಾಲದಲ್ಲಿ ಯಾರಿದ್ದಾರೆ? ಮೂಗುತಿ! ಹಿಂದಿನ ಅಂಚಿನ ಮೇಲಿಂದ ಕೆರೆ ಸಾವಕಾಶವಾಗಿ ಒಳಗೆ ಬಂದು ನನ್ನ ಶೂ ತುಂಬಿ, ಸೊಂಟ ವಿಚಾರಿಸಿಕೊಂಡಿತು. ರೈತರು ಮಾತಾಡದೆ ಟ್ರಾಕ್ಟರ್ ತಂದರು. ಮಾತಾಡಿದ್ದರೆ ಸಹಿಸಬಹುದಿತ್ತು.

“ಎಂಟು ಚಕ್ರ ಇದ್ದಿದ್ದರೆ ಹತ್ತುತ್ತಿತ್ತು” ಎಂದರು ಭಾವ, ಶರ್ಟು ಹಿಂಡುತ್ತ.

ಅಕ್ಕ ಏನೂ ಹೇಳಲಿಲ್ಲ. ಫ್ಲಾಸ್ಕಿನಿಂದ ನನಗೆ ಮಾತ್ರ ಕಾಫಿ ಬಗ್ಗಿಸಿದಳು. ಮಗರಾಯ ಗಾಡಿಯ ಮುಂದೆ ಕೂತು ಕೆಂಪು ತೇಪೆಯನ್ನೇ ಸವರಿ ನೋಡುತ್ತಿದ್ದ. ಭಾವ ಬೇರೆ ಕಡೆ ನೋಡಿದರು. ತೇಪೆಯ ನಡುವೆ ಪೂರ್ತಿ ಕರಗದೆ ಉಳಿದ ಇಟ್ಟಿಗೆಯ ಒಂದು ಗುಬ್ಬಿ ಎದ್ದು ನಿಂತಿತ್ತು. ಹುಡುಗ ಜೇಬಿನಿಂದ ಹೆಬ್ಬೆಟ್ಟಿನಷ್ಟೆತ್ತರದ ಒಬ್ಬ ಲೆಗೊ ಮನುಷ್ಯನನ್ನು ತೆಗೆದು ಅದರ ಮೇಲಿಟ್ಟು ಒತ್ತಿದ. ಟಕ್ ಎಂದು ಕೂತುಕೊಂಡ.